ಕುಂಟು ಗಾಡಿಯಲ್ಲಿ ಬಯಲುಸೀಮೆ

ವಿಜಯಪುರದಿಂದ ಬೆಂಗಳೂರಿಗೆ ಬರುವ ದಾರಿಯನ್ನು ಬಯಲು ದಾರಿಯೆಂದೇ ಎಲ್ಲರೂ ಕರೆಯುತ್ತಾರೆ. ಘಟ್ಟವಿಲ್ಲ, ಎದೆ ನಡುಗಿಸುವ ತಿರುವುಗಳಿಲ್ಲ, ಮಳೆಗಾಲದಲ್ಲಿ ಕುಸಿದು ಬೀಳುವ ಗುಡ್ಡಗಳಿಲ್ಲ. ಚಿತ್ರದುರ್ಗದವರೆಗೆ 50ನೆಯ ರಾಷ್ಟ್ರೀಯ ಹೆದ್ದಾರಿ, ಅಲ್ಲಿಂದ ಮುಂದೆ 48ನೆಯದು. ಒಟ್ಟು ಐನೂರು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ಪ್ರಯಾಣ. ಬೆಳಗ್ಗೆ ತಿಂಡಿ ತಿಂದು ಹೊರಟವರು ಸಂಜೆಯ ಕಾಫಿಗೆ ಬೆಂಗಳೂರಿನಲ್ಲಿರುವುದು ಈಗ ವಿಶೇಷವೇನೂ ಅಲ್ಲ.

ಆದರೆ ನೆಲದ ಎತ್ತರವನ್ನು ಬಲ್ಲವರು ಬೇರೊಂದು ಲೆಕ್ಕ ಹೇಳುತ್ತಾರೆ. ಕೃಷ್ಣೆಗೆ ಅಡ್ಡವಾಗಿ ನಿಂತಿರುವ ಆಲಮಟ್ಟಿ ಜಲಾಶಯವು ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಕ್ಕಿಂತ 519.6 ಮೀಟರು ಮೇಲಿರುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯದ ಮಟ್ಟ 1633 ಅಡಿ, ಎಂದರೆ ಸುಮಾರು 498 ಮೀಟರು. ಬೆಂಗಳೂರಾದರೋ 900 ಮೀಟರಿಗೂ ಎತ್ತರದಲ್ಲಿದೆ. ಹಾಗಾದರೆ ಹೊಸಪೇಟೆಯಿಂದ ಬೆಂಗಳೂರಿಗೆ ಬರುವವನು ತನ್ನ ಅರಿವಿಗೆ ಬಾರದಂತೆಯೇ ನಾನೂರು ಮೀಟರಿನ ಒಂದು ಬೆಟ್ಟವನ್ನು ಹತ್ತಿರುತ್ತಾನೆ! ಆರೋಗ್ಯವಾಗಿರುವ ಮೋಟಾರು ಈ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಕುಂಟುವ ಮೋಟಾರು ಒಂದೊಂದು ಏರನ್ನೂ ಎಣಿಸಿ ಹೇಳುತ್ತದೆ.

2025ರ ಜನವರಿ 26ರಂದು ಅಂಥ ಕುಂಟು ಮೋಟಾರಿನಲ್ಲಿ ಕುಳಿತು ಈ ದಾರಿಯನ್ನು ನೋಡುವ ಯೋಗ ನಮಗೆ ಒದಗಿತು. ಅಂದು ಭಾನುವಾರವೂ ಹೌದು, ಗಣರಾಜ್ಯೋತ್ಸವವೂ ಹೌದು. ಗಾಡಿಯಲ್ಲಿ ಮೂವರಿದ್ದೆವು: ನಾನು, ನನ್ನಾಕೆ ಮತ್ತು ನನ್ನ ಅಕ್ಕ. ನಮ್ಮ ಜೊತೆಗೆ ಅಕ್ಕನ ಸಂಸಾರವೂ ಇದ್ದಿತು. ಭಾವನವರು ತೀರಿಕೊಂಡು ವರ್ಷವಾಗಿತ್ತು. ವಿಜಯಪುರದ ಮನೆಯನ್ನು ಮಾರಿ, ಹಿಂದಿನ ದಿನ ಸಂಜೆಯೇ ಬೀಗದ ಕೈಯನ್ನು ಕೊಂಡವರ ಕೈಗೆ ಕೊಟ್ಟಾಗಿತ್ತು. ಮಂಚ, ಕಪಾಟುಗಳು ನೆಂಟರ ಪಾಲಾದವು. ಅಕ್ಕ ಬಿಡಲೊಲ್ಲದೆ ಉಳಿಸಿಕೊಂಡವು ಇಷ್ಟು: ಒಂದು ತಾಮ್ರದ ಹಂಡೆ, ರೊಟ್ಟಿಯ ಹಂಚು, ನಾಲ್ಕು ಕೌದಿ, ದೇವರ ಪೆಟ್ಟಿಗೆ, ಮತ್ತು ಭಾವನವರ ಪುಸ್ತಕಗಳ ಎರಡು ಗಂಟು. ಇಷ್ಟನ್ನು ತುಂಬಿದ ಮೇಲೆ ಹಿಂದಿನ ಸೀಟಿನಲ್ಲಿ ಅಕ್ಕನಿಗೆ ಕುಳಿತುಕೊಳ್ಳುವಷ್ಟೇ ಸ್ಥಳ ಉಳಿದಿತ್ತು. ಇದನ್ನೇಕೆ ವಿವರವಾಗಿ ಹೇಳುತ್ತಿದ್ದೇನೆಂದರೆ, ದಾರಿಯಲ್ಲಿ ಗಾಡಿ ಕೆಟ್ಟರೆ ಹಿಂದಿರುಗಿ ಹೋಗಲು ನಮಗೊಂದು ಮನೆ ಇರಲಿಲ್ಲ.

ಮನಗೂಳಿಯವರೆಗೆ ಚಳಿಯಿತ್ತು. ಎರಡೂ ಕಡೆ ಕರಿಯ ಎರೆಮಣ್ಣಿನಲ್ಲಿ ಹಿಂಗಾರಿಯ ಬಿಳಿಜೋಳ ತೆನೆ ಬಿಚ್ಚಿ ನಿಂತಿತ್ತು. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಟ್ರೇಲರಿನ ಅಗಲಕ್ಕೂ ಮೀರಿ ಚಾಚಿದ ಕಬ್ಬು. ನಿಡಗುಂದಿ ದಾಟಿದೊಡನೆ ಯಲಗೂರದ ದಿಕ್ಕಿಗೆ ತಿರುಗಿ ಅಕ್ಕ ಹಣಮಪ್ಪನಿಗೆ ಕೈ ಮುಗಿದಳು. ಆಮೇಲೆ ಕೃಷ್ಣೆಯ ಸೇತುವೆ.

ಈ ಸೇತುವೆಯ ಮೇಲ್ಗಡೆಯೇ ಆಲಮಟ್ಟಿಯ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅದರ ಶಂಕುಸ್ಥಾಪನೆ ಮಾಡಿದರು. ಕೆಲಸ ಪೂರ್ಣವಾಗಲು 2005 ಬರಬೇಕಾಯಿತು. ಆ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಹೋಯಿತು. ಎಷ್ಟೋ ಹಳ್ಳಿಗಳು ಹೋದವು. ಅಕ್ಕನ ಗಂಡನ ಮನೆಯಿದ್ದ ಹಳ್ಳಿಯೂ ಅವುಗಳಲ್ಲೊಂದು. ಪರಿಹಾರದ ಹಣದಲ್ಲಿ ಕಟ್ಟಿದ್ದೇ ಈಗ ಮಾರಿದ ವಿಜಯಪುರದ ಮನೆ. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು ತೀರ್ಪಿತ್ತಿತು. ಆ ಅಂಕಿಯನ್ನು ದಶಾಂಶದ ಮೂರು ಸ್ಥಾನಗಳ ಸಹಿತ ಬಾಯಲ್ಲಿ ಹೇಳಬಲ್ಲ ರೈತರನ್ನು ಆ ಭಾಗದಲ್ಲಿ ನಾನು ಕಂಡಿದ್ದೇನೆ. ತಮ್ಮ ಹೊಲ ಆ ಗೆರೆಯ ಒಳಗೋ ಹೊರಗೋ ಎಂಬುದು ಅವರಿಗೆ ದಿನದ ಚಿಂತೆ.

ಸೇತುವೆ ದಾಟಿ ದಕ್ಷಿಣದ ಏರನ್ನು ಹತ್ತುವಾಗ ಕಬ್ಬಿನ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದೆ. 'ಫಟ್' ಎಂದು ಎಲ್ಲಿಯೋ ಒಂದು ಸದ್ದು. ಹಿಂದೆಯೇ ಬುಸ್ ಎಂಬ ಉಸಿರು. ಕಣ್ಣೆದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಒತ್ತಿದ ಕಾಲಿಗೂ ಓಡುವ ಗಾಡಿಗೂ ಸಂಬಂಧವೇ ಕಡಿದುಹೋದಂತಾಯಿತು. ಟ್ರ್ಯಾಕ್ಟರಿನವನು ನಮ್ಮನ್ನು ಒಂದು ಕ್ಷಣ ಕನಿಕರದಿಂದ ನೋಡಿ ಮುಂದೆ ಹೋದನು!

"ಏನಾತೋ ತಮ್ಮಾ? ಗಾಡಿ ಕುಂಟಾಕ ಹತ್ತೇತೇನು?" ಎಂದಳು ಅಕ್ಕ.

ಅವಳಿಗೆ ಮೋಟಾರಿನ ಶಾಸ್ತ್ರ ಏನೂ ತಿಳಿಯದು. ಆದರೆ ಶಾಸ್ತ್ರದಲ್ಲಿ ಅದಕ್ಕಿರುವ ಹೆಸರನ್ನೇ ಅವಳು ಹೇಳಿದ್ದಳು. ಇಂದಿನ ಡೀಸೆಲ್ ಗಾಡಿಯ ಈ ಸ್ಥಿತಿಗೆ 'ಲಿಂಪ್ ಮೋಡ್' ಎನ್ನುತ್ತಾರೆ. ಕನ್ನಡದಲ್ಲಿ ಕುಂಟುನಡೆ ಎಂದರೆ ಸರಿಹೋದೀತು.

ವಾಚಕರಲ್ಲಿ ಡೀಸೆಲ್ ಗಾಡಿಯುಳ್ಳವರು ಅನೇಕರಿರಬಹುದಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಎಣ್ಣೆ ಸುಡಬೇಕು. ಹೆಚ್ಚು ಎಣ್ಣೆ ಸುಡಲು ಹೆಚ್ಚು ಗಾಳಿ ಬೇಕು. ಆ ಗಾಳಿಯನ್ನು ತುರುಕುವುದೇ ಟರ್ಬೋ ಎಂಬ ಉಪಕರಣದ ಕೆಲಸ. ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದಲೇ ಅದರ ಚಕ್ರ ತಿರುಗುತ್ತದೆ, ಅದೂ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿದ ವೇಗದಲ್ಲಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದಕ್ಕೆ ಪೇಟೆಂಟು ಪಡೆದನು.

ಹೀಗೆ ತುರುಕಿದ ಗಾಳಿ ಎಂಜಿನ್ನನ್ನು ತಲುಪುವುದು ರಬ್ಬರಿನ ದಪ್ಪ ಕೊಳವೆಗಳ ಮೂಲಕ. ಕೊಳವೆ ಬಿರಿದರೆ ಗಾಳಿ ಹೊರಗೆ ಹೋಗುತ್ತದೆ. ಗಾಡಿಯೊಳಗಿನ ಪುಟ್ಟ ಕಂಪ್ಯೂಟರು ತಾನು ಕೇಳಿದಷ್ಟು ಒತ್ತಡ ಬರಲಿಲ್ಲವೆಂಬುದನ್ನು ಅಳೆದು ತಿಳಿಯುತ್ತದೆ. ಆಗ ಅದು ಎಣ್ಣೆಯನ್ನು ಮೊದಲಿನಂತೆಯೇ ಕೊಡುತ್ತ ಹೋದರೆ ಕರಿ ಹೊಗೆ ಎದ್ದೀತು, ಎಂಜಿನ್ನು ಕಾದೀತು, ಕಳೆದುಹೋದ ಗಾಳಿಯನ್ನು ತುಂಬಿಕೊಡಲು ಟರ್ಬೋ ಮಿತಿಮೀರಿ ತಿರುಗಿ ಮುರಿದೀತು. ಆದುದರಿಂದ ಕಂಪ್ಯೂಟರು ಎಣ್ಣೆಗೆ ಕಡಿವಾಣ ಹಾಕುತ್ತದೆ. ಮನೆಗೆ ಹೋಗಿ ಸೇರುವಷ್ಟು ಶಕ್ತಿಯನ್ನು ಕೊಡುತ್ತದೆ, ಅದಕ್ಕಿಂತ ಹೆಚ್ಚು ಕೇಳಿದರೆ ಒಲ್ಲೆನೆನ್ನುತ್ತದೆ. ಮನೆಯಲ್ಲಿ ದುಡಿಯುವವನು ಕಾಯಿಲೆ ಬಿದ್ದಾಗ ಅಜ್ಜಿಯಂದಿರು ಖರ್ಚಿನ ಕೈ ಹಿಡಿಯುತ್ತಿದ್ದರಲ್ಲ, ಅದೇ ಬಗೆ.

ಗಾಡಿಯನ್ನು ಬದಿಗೆ ನಿಲ್ಲಿಸಿ ನೋಡಿದೆ. ಕೆಂಪು ದೀಪ ಯಾವುದೂ ಇರಲಿಲ್ಲ. ನೀರಿನ ಶಾಖದ ಮುಳ್ಳು ಇರಬೇಕಾದಲ್ಲಿಯೇ ಇತ್ತು. ಕಡ್ಡಿ ಎತ್ತಿ ನೋಡಿದರೆ ಎಂಜಿನ್ ಆಯಿಲು ಗೆರೆಯವರೆಗೂ ಇತ್ತು. ಈ ಕಡ್ಡಿಯ ಪರೀಕ್ಷೆ ಬಹಳ ಮುಖ್ಯ. ಕೆಟ್ಟಿರುವುದು ಕೊಳವೆಯಲ್ಲದೆ ಟರ್ಬೋವೇ ಆಗಿದ್ದು, ಅದರ ಮೂಲಕ ಆಯಿಲು ಗಾಳಿಯ ಹಾದಿಗೆ ಸೋರತೊಡಗಿದರೆ, ಡೀಸೆಲ್ ಎಂಜಿನ್ನು ಆ ಆಯಿಲನ್ನೇ ಸುಟ್ಟುಕೊಂಡು ಹುಚ್ಚೆದ್ದು ಓಡುವುದುಂಟು. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ನೀಲಿ ಹೊಗೆ ಕಂಡರೆ, ಕಡ್ಡಿಯಲ್ಲಿ ಆಯಿಲು ಇಳಿದಿದ್ದರೆ, ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ನಮ್ಮಲ್ಲಿ ಅಂಥ ಲಕ್ಷಣವಿರಲಿಲ್ಲ.

ಎಂಜಿನ್ನನ್ನು ಆರಿಸಿ ಮತ್ತೆ ಹೊತ್ತಿಸಿದಾಗ ಕಂಪ್ಯೂಟರು ಎಲ್ಲವನ್ನೂ ಮರೆತಂತೆ ಪೂರ್ಣ ಶಕ್ತಿ ಕೊಟ್ಟಿತು. ಎರಡು ಕಿಲೋಮೀಟರಿನಲ್ಲಿ ಮತ್ತೆ ನೆನಪಾಯಿತು. ಈ ಮರೆವನ್ನು ನಂಬಿ ಲಾರಿಯನ್ನು ಹಿಂದೆ ಹಾಕಲು ಹೊರಡುವುದು ಪ್ರಾಣಕ್ಕೆ ಅಪಾಯ. ಅರ್ಧ ದಾರಿಯಲ್ಲಿ, ಎದುರಿನಿಂದ ಗಾಡಿ ಬರುವ ಹೊತ್ತಿಗೇ ಅದಕ್ಕೆ ನೆನಪು ಬರಬಹುದು. ಟ್ರ್ಯಾಕ್ಟರನ್ನು ಬಿಟ್ಟು ಇನ್ನಾವುದನ್ನೂ ಹಿಂದೆ ಹಾಕಕೂಡದೆಂದು ನನ್ನಾಕೆ ಅಲ್ಲಿಯೇ ಶಾಸನ ವಿಧಿಸಿದಳು. ಬೆಂಗಳೂರಿನವರೆಗೂ ಆ ಶಾಸನ ಜಾರಿಯಲ್ಲಿತ್ತು.

ಇಳಕಲ್ಲಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಶಾಲೆಯ ಮಕ್ಕಳು ಧ್ವಜವಂದನೆ ಮುಗಿಸಿ ಕೈಯಲ್ಲಿ ಕಾಗದದ ಬಾವುಟ, ಬಾಯಲ್ಲಿ ಸಿಹಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಊರ ಹೊರಗೆ ಟ್ರ್ಯಾಕ್ಟರುಗಳನ್ನೂ ಸರಕಿನ ಗಾಡಿಗಳನ್ನೂ ರಿಪೇರಿ ಮಾಡುವ ತಗಡಿನ ಒಂದು ಗ್ಯಾರೇಜಿನ ಮುಂದೆ ತರುಣನೊಬ್ಬ ಕುಳಿತಿದ್ದ. ಅಂಗೈಯಗಲದ ಸ್ಕ್ಯಾನರನ್ನು ಚುಕ್ಕಾಣಿಯ ಕೆಳಗೆ ಸಿಕ್ಕಿಸಿ, ಪಿ 0299 ಎಂಬ ಸಂಕೇತವನ್ನು ಓದಿ, "ಗಾಳಿ ಸಾಲವಲ್ದರಿ" ಎಂದ. ಆಮೇಲೆ ಸ್ಕ್ಯಾನರನ್ನು ಬದಿಗಿಟ್ಟು, ಗಾಡಿಯ ಕೆಳಗೆ ನುಸುಳಿ, ಕೈಯಿಂದ ತಡವಿಯೇ ರೋಗವನ್ನು ಪತ್ತೆ ಮಾಡಿದ. ಕೊಳವೆ ಕೆಳಭಾಗದಲ್ಲಿ ಬೆರಳುದ್ದ ಸೀಳಿತ್ತು.

ಹೊಸ ಕೊಳವೆ ಹುಬ್ಬಳ್ಳಿಯಿಂದ ಬರಬೇಕು; ಭಾನುವಾರ ಬಾರದು; ಸೋಮವಾರ ಹೇಳಿದರೆ ಮಂಗಳವಾರವೋ ಬುಧವಾರವೋ. ಅವನು ಹಳೆಯ ಸೈಕಲ್ ಟ್ಯೂಬನ್ನು ಸೀಳಿ, ಬಿಗಿಯಾಗಿ ಸುತ್ತಿ, ಎರಡು ಕ್ಲಿಪ್ಪು ಬಿಗಿದ. ನೂರು ರೂಪಾಯಿ ತೆಗೆದುಕೊಂಡ. "ಇದು ತಡಿಯೂದಿಲ್ರಿ. ದೌಡ ಮಾಡಬ್ಯಾಡ್ರಿ. ಟರ್ಬೋ ಇಲ್ಲದ ಗಾಡಿ ಅಂತ ತಿಳಕೊಂಡ ಹೊಡೀರಿ, ಬೆಂಗಳೂರ ಮುಟ್ಟತೈತಿ" ಎಂದ. ತಾನು ಮಾಡಿದ ಕೆಲಸ ನಿಲ್ಲುವುದಿಲ್ಲವೆಂದು ಹಣ ಪಡೆಯುವ ಮುನ್ನವೇ ಹೇಳಿದ ಕುಶಲಕರ್ಮಿಯನ್ನು ನಾನು ಕಂಡದ್ದು ಅದೇ ಮೊದಲು. ಅವನ ಮಾತಿನಂತೆ ಕುಷ್ಟಗಿಗೆ ಬರುವಷ್ಟರಲ್ಲಿ ಟ್ಯೂಬು ಹರಿಯಿತು, ಹಳದಿ ದೀಪ ಮತ್ತೆ ಬಂತು. ಅಲ್ಲಿಂದ ಮುಂದೆ ಅದು ಆರಲಿಲ್ಲ.

ಟರ್ಬೋ ಇಲ್ಲದ ಗಾಡಿ ಎಂಬ ಮಾತಿನಲ್ಲಿ ಒಂದು ಚರಿತ್ರೆಯೇ ಅಡಗಿದೆ. 1980ರ ದಶಕದಲ್ಲಿ ನಮ್ಮ ಊರುಗಳಲ್ಲಿ ಬಾಡಿಗೆಗೆ ಓಡುತ್ತಿದ್ದ ಡೀಸೆಲ್ ಅಂಬಾಸಿಡರುಗಳನ್ನು ಹಿರಿಯ ವಾಚಕರು ಮರೆತಿರಲಾರರು. ಅದರ ಎಂಜಿನ್ನು 1489 ಘನ ಸೆಂಟಿಮೀಟರಿನದು, ಶಕ್ತಿ ಮೂವತ್ತೇಳು ಕುದುರೆಗಳಷ್ಟು. ನಮ್ಮ ಗಾಡಿಯದೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನು, ಆದರೆ ಟರ್ಬೋವಿನ ಬಲದಿಂದ ತೊಂಬತ್ತು ಕುದುರೆ. ಕೊಳವೆ ಹರಿದೊಡನೆ ನಾವು ನಲವತ್ತು ವರ್ಷ ಹಿಂದಕ್ಕೆ ಹೋಗಿ ಬಿದ್ದೆವು, ಅಷ್ಟೆ. ಆ ಅಂಬಾಸಿಡರುಗಳಲ್ಲಿ ಏಳೆಂಟು ಜನ ಕುಳಿತು, ಮೇಲೆ ಹಾಸಿಗೆ ಸುರುಳಿ ಕಟ್ಟಿಕೊಂಡು, ಮದುವೆಗೆ ಹೋಗಿ ಬರುತ್ತಿದ್ದರು. ಯಾರೂ ಅದನ್ನು ಕಾಯಿಲೆಯೆಂದು ತಿಳಿದಿರಲಿಲ್ಲ.

ಸಮತಟ್ಟಿನಲ್ಲಿ ಅರವತ್ತು ಕಿಲೋಮೀಟರು, ಏರಿನಲ್ಲಿ ಮೂರನೆಯ ಗೇರಿನಲ್ಲಿ ಮೂವತ್ತೈದು. ಎಡಗಡೆಯ ಓಣಿಯೇ ನಮ್ಮದು. ಹೊರೆ ಹೊತ್ತ ಲಾರಿಗಳೇ ನಮ್ಮ ಸಂಗಾತಿಗಳು. ಒಂದು ಲಾರಿಯ ಹಿಂದಿನ ಬರಹವನ್ನು ಹತ್ತು ಕಿಲೋಮೀಟರು ಓದುವಷ್ಟು ಬಿಡುವು. ದೊಡ್ಡ ಗೇರಿನಲ್ಲಿ ಎಂಜಿನ್ನನ್ನು ಗುದ್ದಾಡಿಸದೆ, ಸಣ್ಣ ಗೇರಿಗೆ ಮೊದಲೇ ಇಳಿಸಿ, ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ಇಟ್ಟುಕೊಂಡರೆ ಗಾಡಿ ತಕರಾರಿಲ್ಲದೆ ಹೋಗುತ್ತಿತ್ತು. ಏರು ಬಂದಾಗ ತಂಪು ಗಾಳಿಯ ಯಂತ್ರವನ್ನು ಆರಿಸಿ ಕಿಟಕಿ ಇಳಿಸುತ್ತಿದ್ದೆವು. ಹಾಗೆ ಇಳಿಸಿದಾಗಲೇ ನನಗೆ ತಿಳಿದದ್ದು, ಈ ದಾರಿಗೆ ವಾಸನೆಗಳಿವೆಯೆಂದು: ಕುಷ್ಟಗಿಯ ಆಚೆ ಬಿಸಿಲಿಗೆ ಕಾದ ಕೆಂಪು ಮಣ್ಣು, ಮುನಿರಾಬಾದಿನ ಸಮೀಪ ಕಾಲುವೆಯ ನೀರು ಕುಡಿದ ಗದ್ದೆಯ ಕೆಸರು.

ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಊಟ. ಬುಟ್ಟಿಯಲ್ಲಿ ಕಟಕರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು ಇದ್ದವು. ಅಲ್ಲಿ ನನ್ನಾಕೆ ಒಂದು ಮಾತು ತೆಗೆದಳು. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ. ಅಕ್ಕನೊಡನೆ ತಾನು ರೈಲಿನಲ್ಲಿ ಹೋಗಿಬಿಡುತ್ತೇನೆ. ನಾನೊಬ್ಬನೇ ಗಾಡಿ ತಂದರೆ ಸಾಕು, ಇಲ್ಲವೆ ಹೊಸಪೇಟೆಯಲ್ಲೇ ರಿಪೇರಿಗೆ ಬಿಟ್ಟು ಬಂದರೂ ಆಗುತ್ತದೆ. ಎಪ್ಪತ್ತು ದಾಟಿದ ಅಕ್ಕನನ್ನು ಕತ್ತಲೆಯ ಹೆದ್ದಾರಿಯಲ್ಲಿ ಕುಂಟುವ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ಸರಿಯೇ? ಅವಳ ಮಾತು ನ್ಯಾಯವಾದದ್ದೇ ಆಗಿತ್ತು. ಹಿಂದಿನಿಂದ ಧಾವಿಸಿ ಬರುವ ಬಸ್ಸುಗಳ ಪೈಕಿ ಒಂದಾದರೂ ನಮ್ಮ ವೇಗವನ್ನು ತಪ್ಪಾಗಿ ಎಣಿಸಿದರೆ ಏನು ಗತಿಯೆಂಬ ಭಯ ನನಗೂ ಇತ್ತು.

ಅಕ್ಕ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟಳು.

"ಹಿಂದ ಮುಳುಗಡಿ ಆದಾಗ ಒಂದ ರಾತ್ರ್ಯಾಗ ಟ್ರಕ್ಕಿನ್ಯಾಗ ಹೇರಿಕೊಂಡ ಬಂದ್ವಿ. ಕತ್ತಲದಾಗ. ಏನೂ ಕಾಣಲಿಲ್ಲ. ಊರ ಬಿಟ್ಟದ್ದ ಗೊತ್ತಾಗಲಿಲ್ಲ ನನಗ. ಈಗ ಹಗಲ ಹೊತ್ತಿನ್ಯಾಗ, ಕಣ್ಣ ತೆರಕೊಂಡ ಹೋಗತೀನಿ. ಕತ್ತಲಾದ್ರ ಎಲ್ಲ್ಯರ ನಿಂದ್ರಸ್ರಿ, ಅಷ್ಟ."

ಆ ಮೇಲೆ ರೈಲಿನ ಮಾತು ಬರಲಿಲ್ಲ. ಕತ್ತಲಲ್ಲಿ ಗಾಡಿ ಓಡಿಸುವುದಿಲ್ಲವೆಂದು ನಿಶ್ಚಯವಾಯಿತು.

ತುಂಗಭದ್ರೆಯ ಅಣೆಕಟ್ಟನ್ನು ನೋಡುವಾಗ ನಾಲ್ಕು ಗಂಟೆ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಈ ಕಟ್ಟೆಯ ಉದ್ದ 2,449 ಮೀಟರು, ಗೇಟುಗಳು ಮೂವತ್ತಮೂರು. ನಾವು ಹೋದುದಕ್ಕೆ ಐದಾರು ತಿಂಗಳ ಹಿಂದೆ, 2024ರ ಆಗಸ್ಟ್ 10ರ ರಾತ್ರಿ, ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಗಿ, ತುಂಬಿದ ಜಲಾಶಯ ಬರಿದಾಗುವುದೇನೋ ಎಂಬ ಭಯ ಮೂರು ರಾಜ್ಯಗಳಲ್ಲಿ ಹಬ್ಬಿತ್ತು. ನಿವೃತ್ತ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದರು. ಅದು ತಾತ್ಕಾಲಿಕ ಏರ್ಪಾಟು. ನಮ್ಮ ಸೈಕಲ್ ಟ್ಯೂಬಿಗಿಂತ ಬಹಳ ಗಟ್ಟಿಯಾದದ್ದೆಂಬುದನ್ನು ಹೇಳಬೇಕಾಗಿಲ್ಲ.

ಅಲ್ಲಿಂದ ಗುಡ್ಡವನ್ನು ಕೊರೆದ ಸುರಂಗ, ಸುರಂಗದ ಆಚೆ ಏರು. ಇಡೀ ದಾರಿಯಲ್ಲಿ ನಮಗೆ ಕಷ್ಟವೆನಿಸಿದ್ದು ಈ ಭಾಗವೇ. ಎಡಬಲದಲ್ಲಿ ಕುರುಚಲು ಕಾಡು, ಕಬ್ಬಿಣದ ಅದಿರಿನ ಕೆಂಪು ಬಣ್ಣ ಹೊಡೆದ ಗುಡ್ಡಗಳು. ಮೂರನೆಯ ಗೇರು ಸಾಲದೆ ಎರಡನೆಯದಕ್ಕೆ ಇಳಿಸಬೇಕಾಯಿತು. ಅಪಾಯದ ದೀಪಗಳನ್ನು ಮಿಣುಕಿಸುತ್ತ, ಲಾರಿಗಳ ಸಾಲಿನ ಬಾಲದಲ್ಲಿ ನಾವೊಂದು ಪುಟ್ಟ ಲಾರಿಯಾಗಿ ಹತ್ತಿದೆವು. ಮುಂದಿನ ಲಾರಿಯ ಕ್ಲೀನರು ಕೈ ಹೊರಗೆ ಚಾಚಿ, ಅವಸರಿಸಬೇಡ, ಹಿಂದೆಯೇ ಬಾ ಎಂಬಂತೆ ಸನ್ನೆ ಮಾಡುತ್ತಿದ್ದನು. ಅವನಿಗೆ ನಮ್ಮ ಸ್ಥಿತಿ ಅರ್ಥವಾಗಿತ್ತು. ಹಾರ್ನು ಬಾರಿಸಿ ಬೈದುಕೊಂಡು ಹೋದವರೆಲ್ಲ ಕಾರಿನವರೇ.

ಕತ್ತಲಾಗುವಷ್ಟರಲ್ಲಿ ಕೂಡ್ಲಿಗಿ ಸೇರಿ, ಅಲ್ಲಿಯೇ ತಂಗಿದೆವು. ವಸತಿಗೃಹದ ಕೋಣೆಯಲ್ಲಿ ಅಕ್ಕ ತನ್ನದೇ ಕೌದಿ ಹೊದ್ದು ಮಲಗಿದಳು. ವಿಜಯಪುರವನ್ನು ಬಿಟ್ಟು ಒಂದು ಹಗಲಾಗಿತ್ತು, ನಾವಿನ್ನೂ ಅರ್ಧ ದಾರಿಯಲ್ಲಿದ್ದೆವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಗಾಡಿ 2017ರದು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವೊಂದು ಬಂದಿದೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಒಳ್ಳೆಯ ವೇಗದಲ್ಲಿ ಬಹಳ ಹೊತ್ತು ಓಡಬೇಕು. ಅಂಥ ಗಾಡಿ ಸೋಸುಕ ಕಟ್ಟಿಕೊಂಡು ಕುಂಟತೊಡಗಿದರೆ, ನಮ್ಮಂತೆ ನಿಧಾನವಾಗಿ ಐನೂರು ಕಿಲೋಮೀಟರು ಓಡಿಸುವುದು ರೋಗವನ್ನು ಉಲ್ಬಣಿಸುವ ಉಪಾಯವಾದೀತು. ಇನ್ನು ಕೆಲವು ಗಾಡಿಗಳಿಗೆ ಯೂರಿಯಾದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಬೇಕು. ಅದು ಪೂರ್ತಿ ತೀರಿದ ಮೇಲೆ ಎಂಜಿನ್ನನ್ನು ಆರಿಸಿದರೆ ಮತ್ತೆ ಹೊತ್ತುವುದೇ ಇಲ್ಲ. ಆದುದರಿಂದ ಹಳದಿ ದೀಪವನ್ನು ಕಂಡೊಡನೆ ಕಾರಣವನ್ನು ಓದಿಸಿಕೊಳ್ಳಬೇಕು. ಅಂಗೈಯಗಲದ ಸ್ಕ್ಯಾನರು ಈಗ ಟ್ರ್ಯಾಕ್ಟರಿನ ಗ್ಯಾರೇಜಿನಲ್ಲೂ ಇದೆ.

ಸೋಮವಾರ ಬೆಳಗ್ಗೆ ಕಡ್ಡಿ ಎತ್ತಿ ಆಯಿಲು ನೋಡಿ ಹೊರಟೆವು. ಚಿತ್ರದುರ್ಗವು ದೂರದಿಂದಲೇ ಕಂಡಿತು. ಬಂಡೆಗಳ ರಾಶಿ, ಅದರ ಆಚೆ ಬೆಟ್ಟಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿಯ ಸಾಲು. ಅಷ್ಟೊಂದು ಗಾಳಿಯಲ್ಲಿ ನಮಗೆ ಬೇಕಾದ ಒಂದಿಷ್ಟು ಸಿಗಲಿಲ್ಲವಲ್ಲ ಎಂದು ನನ್ನಾಕೆ ನಕ್ಕಳು. ಹಿಂದಿನ ದಿನದ ಭಯ ಕರಗಿ, ಈಗ ಹಾಸ್ಯ ಮಾಡುವಷ್ಟು ನಾವು ಕುಂಟುವುದಕ್ಕೆ ಒಗ್ಗಿಕೊಂಡಿದ್ದೆವು. ಚಿತ್ರದುರ್ಗದಿಂದ ಹಿರಿಯೂರಿಗೆ ಇಳಿಜಾರು. ನಾಲ್ಕನೆಯ ಚಕ್ರವರ್ತಿಯಂತೆ ಎಪ್ಪತ್ತರಲ್ಲಿ ಓಡಿದೆವು!

ಹಿರಿಯೂರಿನಲ್ಲಿ ಚಹಾ ಕುಡಿಯುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು. ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ! 1898ರಿಂದ 1907ರವರೆಗೆ ವೇದಾವತಿಗೆ ಅಡ್ಡವಾಗಿ ಮೈಸೂರಿನ ಅರಸರು ಕಟ್ಟಿಸಿದ ಈ ಜಲಾಶಯ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಆಮೇಲೆ ತೊಂಬತ್ತು ವರ್ಷಕ್ಕೆ ಸಮೀಪ ಕಾದು 2022ರಲ್ಲಿ. ಈಗ 2025ರ ಜನವರಿಯಲ್ಲಿ ಮೂರನೆಯ ಸಲ. ಬಾಗಿನ ಅರ್ಪಿಸಿದ ಸಂಭ್ರಮ ಊರಿನಲ್ಲಿ ಇನ್ನೂ ಇಳಿದಿರಲಿಲ್ಲ. ಚಹಾದ ಅಂಗಡಿಯವನು, "ಅಮ್ಮಾ, ಹೋಗಿ ನೋಡ್ಕೊಂಡು ಹೋಗಿ, ನಮ್ಮ ಅಜ್ಜನ ಕಾಲದಲ್ಲಿ ಆಗಿತ್ತಂತೆ" ಎಂದು ಅಕ್ಕನನ್ನು ಒತ್ತಾಯಿಸಿದ. ಇಷ್ಟು ಒಣನಾಡಿನಲ್ಲಿ ನೀರು ತುಂಬಿ ಹರಿಯುವುದೆಂದರೆ ಆ ಜನಕ್ಕೆ ಎಂಥ ಆನಂದವೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಗಾಡಿಗೆ ಮರಳಿದ ಮೇಲೆ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಇಲ್ಲೆ ನೀರ ತುಂಬಿದ್ರ ಬಾಗಿನ ಕೊಡತಾರ. ನಾವು ನೀರ ತುಂಬಿದ್ರ ಮನಿ ಬಿಟ್ಟ್ವಿ." ಕೋಪವಿಲ್ಲದ ದನಿ. ಸ್ವಲ್ಪ ತಡೆದು, "ಆದ್ರ ನಮ್ಮ ನೀರಿಂದ ಯಾರದರ ಹೊಲ ಹಸರ ಆಗಿರಬೇಕಲ್ಲ, ತಮ್ಮಾ?" ಎಂದು ಕೇಳಿದಳು. ಆಗಿದೆ, ನಾರಾಯಣಪುರದ ಕಾಲುವೆಗಳ ಕೆಳಗೆ ಯಾದಗಿರಿ, ರಾಯಚೂರಿನ ಕಡೆ ಆಗಿದೆಯೆಂದು ಹೇಳಿದೆ. ಅವಳು ಅದನ್ನು ನೋಡಿಲ್ಲ. ನೋಡಲು ಯಾರೂ ಅವಳನ್ನು ಕರೆದೊಯ್ದೂ ಇಲ್ಲ.

ಶಿರಾ ಕಳೆದ ಮೇಲೆ ನೆಲದ ರೂಪ ಬದಲಾಗುತ್ತದೆ. ತೆಂಗು ಬರುತ್ತದೆ, ಕೆರೆಗಳು ಬರುತ್ತವೆ. ಕಳ್ಳಂಬೆಳ್ಳದ ಕೆರೆ ರಸ್ತೆಯ ಮಗ್ಗುಲಲ್ಲೇ ಹರಡಿಕೊಂಡಿದೆ. ಏರಿಯ ಪಕ್ಕ ನಮ್ಮ ಗಾಡಿ ಹೋಗುವಾಗ ಅಕ್ಕ ಬೆಳ್ಳಕ್ಕಿಗಳನ್ನು ಎಣಿಸಿದಳು, ಇಪ್ಪತ್ತಮೂರಂತೆ. ಭಾಷೆಯೂ ಇಲ್ಲಿಗೆ ಬದಲಾಗಿರುತ್ತದೆ. ಎಳನೀರು ಮಾರುವವನು "ಗಂಜಿ ಇರೋದು ಕೊಡ್ಲಾ, ನೀರಿಂದು ಕೊಡ್ಲಾ?" ಎಂದಾಗ ಅಕ್ಕ ನನ್ನ ಮುಖ ನೋಡಿದಳು. ಅವಳ ಊರಿನಲ್ಲಿ ಗಂಜಿಯೆಂದರೆ ಕಾಯಿಲೆಯವರಿಗೆ ಕೊಡುವುದು.

ತುಮಕೂರಿನಿಂದ ಮುಂದೆ ದಾಬಸ್‌ಪೇಟೆಯವರೆಗಿನ ಸಣ್ಣ ಸಣ್ಣ ಏರುಗಳು ಗಾಡಿಯ ಉಸಿರನ್ನು ಕೊನೆಯ ಬಾರಿ ಪರೀಕ್ಷಿಸಿದವು. ಎಷ್ಟೋ ಸಲ ಓಡಾಡಿದ ದಾರಿಯಾದರೂ ಅಲ್ಲಿ ಅಷ್ಟು ಏರುಗಳಿವೆಯೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ನೆಲಮಂಗಲ ದಾಟಿದ ಮೇಲೆ ನಮ್ಮ ಗಾಡಿಗೂ ಬೇರೆ ಗಾಡಿಗಳಿಗೂ ಭೇದವೇ ಉಳಿಯಲಿಲ್ಲ. ಲಕ್ಷಾಂತರ ರೂಪಾಯಿಯ ನೂರಾರು ಕುದುರೆಗಳ ಬಲದ ಮೋಟಾರುಗಳು ನಮ್ಮ ಹಿಂದೆ ಮುಂದೆ, ನಮಗಿಂತ ನಿಧಾನವಾಗಿ ಕುಂಟುತ್ತಿದ್ದವು. "ಇವಕ್ಕೂ ಕೊಳಿವಿ ಹರದಾವೇನು?" ಎಂದು ಅಕ್ಕ ಕೇಳಿದಳು. ಪೀಣ್ಯದ ಮೇಲ್ಸೇತುವೆ ಹತ್ತಿ ಇಳಿದು, ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು.

ಹೊಸ ಕೊಳವೆಯನ್ನು ಬುಧವಾರ ಹಾಕಿಸಿದೆ. ಅರ್ಧ ಗಂಟೆಯ ಕೆಲಸ. ಟರ್ಬೋಗೆ ಏನೂ ಆಗಿರಲಿಲ್ಲ.

ಮಾರ್ಚಿಯಲ್ಲಿ ನೆಂಟರೊಬ್ಬರ ಮದುವೆಗೆ ಶಿರಾಕ್ಕೆ ಹೋಗಬೇಕಾಯಿತು. ಗಾಡಿ ಪೂರ್ಣ ಆರೋಗ್ಯದಿಂದ ಓಡಿತು. ಅಕ್ಕ ಕಿಟಕಿಯ ಬಳಿ ಕುಳಿತು ಹೊರಗೇ ನೋಡುತ್ತಿದ್ದಳು. ಶಿರಾ ಇನ್ನೇನು ಬಂತೆನ್ನುವಾಗ ನನ್ನ ಭುಜ ತಟ್ಟಿದಳು.

"ತಮ್ಮಾ, ಆ ಬೆಳ್ಳಕ್ಕಿ ಕೆರಿ ಯಾವಾಗ ಬರತೈತಿ?"

ಅದು ಹಿಂದೆ ಹೋಗಿ ಆಗಲೇ ಹದಿನೈದು ನಿಮಿಷವಾಗಿತ್ತು.